ಮಡಚದ ಹೆಬ್ಬೆರಳು

ನೂರು ವರ್ಷಕ್ಕೂ ಹಿಂದೆ, ಪೋಲೆಂಡಿನ ಕ್ರಾಕೋವ್ ಊರಿನಲ್ಲಿ ಲುದ್ವಿಕ್ ಎಂಬ ಚಿತ್ರಕಾರ ಗೆಳೆಯ ಯೂಲಿಯಾನನ ಭಾವಚಿತ್ರ ಬರೆಯುತ್ತಿದ್ದ. ಯೂಲಿಯಾನನೂ ಚಿತ್ರಕಾರನೇ. ಆದರೆ ಕುಂಚ ಮುಟ್ಟದೆ ವರ್ಷಗಳಾಗಿದ್ದವು. "ಆ ಗೀಳು ಬಿಟ್ಟಾಯಿತು" ಎಂದು, ಕೇಳದವರಿಗೂ ಹೇಳುತ್ತಿದ್ದ.

ಲುದ್ವಿಕ್ ಸೌದೆ ತರಲು ಹೋದಾಗ ಗೋಡೆಯ ಕನ್ನಡಿ ಭಾವಚಿತ್ರಕ್ಕೆ ಬುದ್ಧಿ ಹೇಳಿತು. "ತಮ್ಮಾ, ಆ ಎಡಗೈ ಹೆಬ್ಬೆರಳು ಮಡಚಿಕೋ. ಬಣ್ಣ ಕಲಸುವ ಹಲಗೆಯಲ್ಲಿ ಬೆರಳು ತೂರಿಸುವ ತೂತು ಹುಡುಕುವವನ ಹಾಗೆ ಎತ್ತಿಕೊಂಡು ಕೂತಿದ್ದೀಯಲ್ಲ."

"ಅವನು ಕೂತಿದ್ದದ್ದೇ ಹಾಗೆ, ಅಕ್ಕಾ."

"ನಾನೂ ಕಂಡೆ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಅದಕ್ಕೇ ಇನ್ನೂ ಗೋಡೆಯ ಮೇಲಿದ್ದೇನೆ. ನಿನ್ನ ಕೈಗೆ ಮಸಿ ಬಳಿಯುತ್ತಾನೆ, ನೋಡುತ್ತಿರು."

"ಬಳಿಯಲಿ. ಬೆರಳು ಮಾತ್ರ ಮಡಚುವುದಿಲ್ಲ."

ಅಷ್ಟರಲ್ಲಿ ಯೂಲಿಯಾನ್ ಕುರ್ಚಿಯಿಂದ ಎದ್ದು ಬಂದ. ಚಿತ್ರದ ಕೈ ಕಂಡದ್ದೇ ಅವನ ಮುಖ ಕಪ್ಪಿಟ್ಟಿತು. "ಇದನ್ನು ಮುಚ್ಚಿಬಿಡಬೇಕು" ಎಂದು ಗೊಣಗುತ್ತಾ, ಕಪ್ಪು ಬಣ್ಣ ಕಲಸಲು ಲುದ್ವಿಕನ ಹಲಗೆ ಎತ್ತಿಕೊಂಡ. ಹೆಬ್ಬೆರಳು ತಾನಾಗಿ ತೂತಿನೊಳಗೆ ಹೋಗಿ ಕೂತಿತು.

ಅವನು ತನ್ನ ಕೈ ನೋಡಿದ, ಚಿತ್ರದ ಕೈ ನೋಡಿದ, ಆಮೇಲೆ ಕನ್ನಡಿಯತ್ತ ತಿರುಗಿದ. ಈ ಸಲ ಕೇಳಿದವನು ಅವನೇ ಆದ್ದರಿಂದ ಕನ್ನಡಿ ಇದ್ದದ್ದನ್ನು, ಹಲಗೆ ಹಿಡಿದು ನಿಂತ ಚಿತ್ರಕಾರನನ್ನು, ತೋರಿಸಲೇಬೇಕಾಯಿತು.

ಯೂಲಿಯಾನ್ ಭಾವಚಿತ್ರವನ್ನು ಜೋಪಾನವಾಗಿ ಪಕ್ಕಕ್ಕಿಟ್ಟು, ಆ ಜಾಗದಲ್ಲಿ ಖಾಲಿ ಕ್ಯಾನ್ವಾಸ್ ನಿಲ್ಲಿಸಿದ.

ಸೌದೆ ಹೊತ್ತು ಬಂದ ಲುದ್ವಿಕ್ ಖಾಲಿ ಕ್ಯಾನ್ವಾಸನ್ನೂ ಹಲಗೆ ಹಿಡಿದ ಗೆಳೆಯನನ್ನೂ ನೋಡಿದ. ಸೌದೆ ಇಳಿಸಿ, ಗೆಳೆಯ ಕೂತಿದ್ದ ಕುರ್ಚಿಯಲ್ಲಿ ತಾನು ಹೋಗಿ ಕೂತ.

"ಮೂಗು ಇದ್ದ ಹಾಗೇ ಬರಿಯಪ್ಪಾ" ಎಂದ.