ಎಚ್ಚರ ಇರುವವರ ಕೈಗೆ

ನೀವು ನಂಬುವುದಿಲ್ಲ ಅಂತ ಗೊತ್ತು. ತಾಕತ್ತಿದ್ದರೆ ಪೂರ್ತಿ ಓದಿ, ಆಮೇಲೆ ಸುಳ್ಳು ಅನ್ನಿ.

ಕಣ್ಣಿಗೆ ಬಟ್ಟೆ ಕಟ್ಟಿ ಗುಡ್ಡದಲ್ಲಿ ಬಿಟ್ಟರೂ ಹಿರೇಮದ್ದಿನ ಗಿಡ ಎಲ್ಲಿದೆ ಅಂತ ಹುಡುಕಿ ತೆಗೆಯುವವನು ನಾನು. ಪೇಟೆಯವರು ಅದಕ್ಕೆ ಅಶ್ವಗಂಧ ಅನ್ನುತ್ತಾರೆ. ಅದರ ಹಸಿ ಬೇರಿಗೆ ಬೆವೆತ ಕುದುರೆಯ ವಾಸನೆ. ಸುತ್ತ ಏಳು ಹಳ್ಳಿಯಲ್ಲಿ ನನ್ನಂಥ ಮೂಗು ಇನ್ನೊಂದಿಲ್ಲ. ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಈ ಕಥೆಯಲ್ಲಿ ನನ್ನ ಮೂಗು ತಪ್ಪು ಮಾಡಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನನಗೆ ಬೇರು ನಾರಿನ ವಿದ್ಯೆ ಕಲಿಸಿದವರು ಗುರುಪಾದಜ್ಜ, ನಮ್ಮೂರಿನ ನಾಟಿ ವೈದ್ಯರು. ನಿದ್ದೆ ಬಾರದವರು ದೂರದೂರದಿಂದ ಅವರ ಕಟ್ಟೆಗೆ ಬರುತ್ತಿದ್ದರು. ಅಜ್ಜ ಕೊಡುತ್ತಿದ್ದದ್ದು ಬಹಳ ಏನಿಲ್ಲ. ಬೆರಳುದ್ದ ಹಿರೇಮದ್ದಿನ ಬೇರು, ಒಂದು ಚೂರು ಜಾಯಿಕಾಯಿ, ಒಂದು ಹಿಡಿ ಗಸಗಸೆ. ಹಾಲಿನಲ್ಲಿ ಅರೆದು ಕುಡಿಯಬೇಕು.

ಆದರೆ ಅಜ್ಜನದೊಂದು ರೂಢಿ ಇತ್ತು. ನಿದ್ದೆಯ ಮದ್ದನ್ನು ಮಲಗುವವರ ಕೈಗೆ ಕೊಡುತ್ತಿರಲಿಲ್ಲ. ಅವರು ಮಲಗಿದಾಗ ಎಚ್ಚರ ಇರುವವರ ಕೈಗೆ ಕೊಡುತ್ತಿದ್ದರು. ಗಂಡನಿಗೆ ಬೇಕಾದರೆ ಹೆಂಡತಿ ಬರಬೇಕು, ಅತ್ತೆಗೆ ಬೇಕಾದರೆ ಸೊಸೆ. ಯಾರೇ ಬರಲಿ, ಮೊದಲ ಪ್ರಶ್ನೆ ಒಂದೇ.

"ನೀ ಮಲಕ್ಕೊಂಡ್ರ ಎಚ್ಚರ ಇರಾಕ ಯಾರ್ ಅದಾರ?"

ಒಮ್ಮೆ ಒಬ್ಬ ಲಾರಿ ಡ್ರೈವರ್ ನಗುತ್ತಾ, "ನನ್ನ ಲಾರಿ ಇರತೈತಜ್ಜ" ಅಂದ. ಅಜ್ಜ ನಗಲಿಲ್ಲ. "ಹಂಗಾರ ಅದನ್ನ ಕರಕೊಂಡ್ ಬಾ. ಅದರ ಕೈಯಾಗ ಕೊಡ್ತೀನಿ" ಅಂದರು. ಅವನು ಬರಿಗೈಯಲ್ಲಿ ಹೋದ.

ನನಗೆ ಇದು ಮುದುಕರ ತಕರಾರು ಅನಿಸುತ್ತಿತ್ತು. ಬೇರು ತೆಗೆಯುವವನು ನಾನು, ಬಿಸಿಲಲ್ಲಿ ಒಣಗಿಸುವವನು ನಾನು, ಇವರು ಕೂತಲ್ಲೇ ಇಲ್ಲ ಅನ್ನುತ್ತಾರೆ. ಒಂದು ದಿನ ಎಲ್ಲಾ ಸೇರಿಸಿ ಗಿರಣಿಯಲ್ಲಿ ಹಾಕಿಸಿ ಪುಡಿ ಮಾಡಿದೆ. ಜಾಯಿಕಾಯಿ ಸ್ವಲ್ಪ ಧಾರಾಳವಾಗಿಯೇ ಹಾಕಿದೆ. ಪ್ಯಾಕೆಟ್ ಮಾಡಿ ಮೇಲೆ ನನ್ನ ಫೋಟೋ ಅಂಟಿಸಿದೆ, ಕೂಲಿಂಗ್ ಗ್ಲಾಸ್ ಹಾಕಿಕೊಂಡದ್ದು. ಅಜ್ಜ ಪ್ಯಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಬೇರಿನ ಫೋಟೋ ಎಲ್ಲೈತೋ ತಮ್ಮಾ?"

"ಬೇರು ಒಳಗೈತಜ್ಜ."

"ಹೂಂ. ಮ್ಯಾಲೆಲ್ಲಾ ನೀನ ಅದೀಯಲ್ಲ" ಅಂದು ವಾಪಸ್ ಕೊಟ್ಟರು.

ಒಂದು ಮಂಗಳವಾರ ಆಚೆ ಊರಿನಿಂದ ಹುಲಿಗೆವ್ವ ಅನ್ನುವವಳು ಬಂದಳು. ನಲವತ್ತು ದಾಟಿರಲಿಕ್ಕಿಲ್ಲ, ನೋಡಲು ಅರವತ್ತರ ಹಾಗಿದ್ದಳು. ಕಟ್ಟೆಯ ಮೇಲೆ ಕೂತು ಮಾತಾಡುತ್ತಲೇ ತೂಕಡಿಸುವಳು, ತೂಕಡಿಸಿದ ಕೂಡಲೇ ಬೆಚ್ಚಿ ಏಳುವಳು. ಏಳುವಾಗಲೆಲ್ಲ ಅವಳ ಬಲಗೈ ಪಕ್ಕದಲ್ಲಿ ಏನನ್ನೋ ತಡವುತ್ತಿತ್ತು. ನಾನು ಅದನ್ನು ಕಂಡೆ. ಕಂಡೂ ಏನು ಅಂತ ಕೇಳಲಿಲ್ಲ.

ಅಜ್ಜ ತಮ್ಮ ಪ್ರಶ್ನೆ ಕೇಳಿದರು.

"ಗಂಡ ಇಲ್ಲಜ್ಜ. ನಾನು, ಮಗಳು, ಇಬ್ಬರ" ಅಂದಳು. "ನಮ್ಮಕ್ಕ ಬರ್ತಾಳ, ಆದ್ರ ಐತ್ವಾರ ಬರ್ತಾಳ."

"ಹಂಗಾರ ಐತ್ವಾರ ಅಕಿನ್ನ ಕರಕೊಂಡ್ ಬಾರವ್ವ. ಇಷ್ಟ ದಿನ ತಡಕೊಂಡಿ. ಇನ್ನ ಐದ ದಿನ."

ಅವಳು ತಲೆ ತಗ್ಗಿಸಿ ಎದ್ದು ಹೋದಳು. ಆ ನಡಿಗೆ ನೋಡಿ ನನಗೆ ಸಿಟ್ಟು ಬಂತು, ಅವಳ ಮೇಲಲ್ಲ, ಅಜ್ಜನ ಮೇಲೆ. ಪ್ಯಾಕೆಟ್ ಜೇಬಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ.

"ತಗೋರಿ ಅಕ್ಕಾ. ಅಜ್ಜನ ಮದ್ದ. ನಾನ ಮಾಡಿದ್ದು. ಮೂರು ಚಮಚ ಹಾಲಾಗ ಹಾಕ್ಕೊಂಡು ಕುಡೀರಿ."

ಅವಳು ಕೈ ಚಾಚಿದಳು, ಮತ್ತೆ ಹಿಂದೆ ತೆಗೆದಳು. "ಅಜ್ಜ ಬ್ಯಾಡ ಅಂದಾರಲ್ಲೋ ತಮ್ಮಾ."

"ಅಜ್ಜನ ಕಾಲ ಮುಗೀತ್ರಿ. ಈಗ ನನ್ನ ಕಾಲ."

ಅವಳು ಪ್ಯಾಕೆಟ್ಟಿನ ಫೋಟೋ ನೋಡಿದಳು, ನನ್ನ ಮುಖ ನೋಡಿದಳು. ಒಂದೇ ಒಂದು ಮಾತು ಕೇಳಿದಳು.

"ಸಣ್ಣ ಸಪ್ಪಳಾದ್ರ ಎಚ್ಚರ ಆಗತೈತಿಲ್ಲೋ?"

ನನಗೆ ಗೊತ್ತಿರಲಿಲ್ಲ. ಆ ಪುಡಿಯನ್ನು ನಾನು ಯಾರಿಗೂ ಕೊಟ್ಟು ನೋಡಿರಲಿಲ್ಲ. ಗೊತ್ತಿಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ, ಯಾವತ್ತೂ ಬಂದಿರಲಿಲ್ಲ.

"ಬೆಕ್ಕು ಹಾದ್ರೂ ಎಚ್ಚರ ಆಗತೈತಿ" ಅಂದೆ.

ದುಡ್ಡು ತೆಗೆಯಲು ಹೋದಳು. ನಾನೇ ಬೇಡ ಅಂದೆ. "ನಾಳೆ ಮುಂಜಾನೆ ನಾನ ಬರ್ತೀನಿ. ಹೆಂಗ ನಿದ್ದಿ ಆತು ಅಂತ ಮೊಬೈಲ್‌ನ್ಯಾಗ ನಾಕ ಮಾತು ಹೇಳಿಬಿಡ್ರಿ, ಸಾಕು." ಬಸ್ಸು ಬಂತು. ಹತ್ತುವಾಗ ಅವಳು ನಕ್ಕಳು. ಆ ನಗು ಈಗಲೂ ಕಣ್ಣ ಮುಂದಿದೆ.

ಮರುದಿನ ಬಿಸಿಲು ಏರುವ ಹೊತ್ತಿಗೆ ಅವಳ ಮನೆಗೆ ಹೋದೆ. ಬಾಗಿಲು ಮುಂದಕ್ಕೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ತಳ್ಳಿದೆ. ಒಂದೇ ಖೋಲಿ. ಹುಲಿಗೆವ್ವ ಚಾಪೆಯ ಮೇಲೆ ಬಾಯಿ ತೆರೆದು ಮಲಗಿದ್ದಳು, ಗೊರಕೆ ಹೊರಗಿನ ತನಕ ಕೇಳುತ್ತಿತ್ತು. ಅವಳಾಚೆ ಮಗಳು ಬೋರಲಾಗಿ ಮಲಗಿದ್ದಳು.

ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಮೊಬೈಲ್ ತೆಗೆದೆ. ಪಿಸುದನಿಯಲ್ಲಿ, "ನೋಡ್ರಿ, ಆರು ತಿಂಗಳಿಂದ ನಿದ್ದಿ ಕಾಣದ ತಾಯಿ. ನಮ್ಮ ಪುಡಿ ಒಂದ ಸಲ ಕುಡದಾಳ. ಈ ಮುಖ ನೋಡ್ರಿ" ಅಂತ ಹತ್ತೊಂಬತ್ತು ಸೆಕೆಂಡಿನ ವಿಡಿಯೋ ಮಾಡಿದೆ. ಹೊಸ್ತಿಲಲ್ಲಿ ನಿಂತೇ ಮೂರು ಗ್ರೂಪಿಗೆ ಕಳಿಸಿದೆ. ಕೈಮುಗಿದ ಚಿತ್ರಗಳು ಬರತೊಡಗಿದವು.

ಆಮೇಲೆ ಮಗಳನ್ನು ಕರೆದೆ. "ಏ ತಂಗೀ, ನಿಮ್ಮವ್ವನ್ನ ಎಬ್ಬಸವಾ."

ಅವಳು ಹೊರಳಲಿಲ್ಲ. ಇನ್ನೊಮ್ಮೆ ಕರೆದೆ. ಮೂರನೇ ಸಲ ನನ್ನ ದನಿ ಏರಿತು, ಹುಲಿಗೆವ್ವನಿಗೆ ಎಚ್ಚರವಾಯಿತು. ಕಣ್ಣು ಬಿಡುವ ಮೊದಲೇ ಅವಳ ಬಲಗೈ ಪಕ್ಕಕ್ಕೆ ಹೋಯಿತು, ಮಗಳ ಭುಜ ಹಿಡಿದು ತನ್ನ ಕಡೆ ಹೊರಳಿಸಿತು. ಕೈಗೆ ಅಷ್ಟು ರೂಢಿಯಾಗಿತ್ತು. ಮಗಳ ಮೈ ತಣ್ಣಗಾಗಿತ್ತು.

ಮಗಳ ಹೆಸರು ನೇತ್ರಾ. ಹತ್ತೊಂಬತ್ತು ವರ್ಷ. ಅವಳಿಗೆ ಮೂರ್ಛೆ ಬರುತ್ತಿತ್ತು. ದವಾಖಾನೆಯ ಗುಳಿಗೆ ನಡೆದಿದ್ದರೂ ಮಲಗಿದಾಗ ಬಂದುಬಿಡುತ್ತಿತ್ತು. ಬಂದಾಗ ಯಾರಾದರೂ ಮಗ್ಗುಲಿಗೆ ಹೊರಳಿಸಬೇಕು, ಇಲ್ಲದಿದ್ದರೆ ಮುಖ ದಿಂಬಿನಲ್ಲಿ ಹೂತು ಉಸಿರು ಕಟ್ಟುತ್ತದೆ. ಹುಲಿಗೆವ್ವನಿಗೆ ನಿದ್ದೆ ಬರುತ್ತಿರಲಿಲ್ಲ ಅಂತಲ್ಲ. ಅವಳು ಬರಗೊಟ್ಟಿರಲಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ನೇತ್ರಾಳ ಮಣ್ಣಿಗೆ ಬಂದ ಹೆಂಗಸರ ಬಾಯಿಂದ.

ಮೂರು ಚಮಚ ಪುಡಿಯ ಸುದ್ದಿಯನ್ನು ಅವಳು ಯಾರಿಗೂ ಹೇಳಲಿಲ್ಲ. "ನಾ ಎದ್ದಿರಬೇಕಿತ್ತು" ಅಂತಷ್ಟೇ ಹಾಡಿಕೊಂಡು ಅತ್ತಳು. ಅವಳು ನನ್ನ ಹೆಸರು ಹಿಡಿದು ಬೈದಿದ್ದರೆ ನಾನು ತಿರುಗಿ ಏನಾದರೂ ಅನ್ನುತ್ತಿದ್ದೆ, ಅಷ್ಟು ಬಾಯಿ ನನಗಿತ್ತು. ಬೈಯಲಿಲ್ಲ.

ಅಜ್ಜನಿಗೆ ನಾನೇ ಹೇಳಿದೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ. ಅವರು ಅಂಗಳದಲ್ಲಿ ಒಣಗಲು ಹಾಕಿದ ಒಂದು ಬೇರನ್ನು ಕೈಗೆತ್ತಿಕೊಂಡರು.

"ಬೇರಿಗೇನ್ ಗೊತ್ತೋ ತಮ್ಮಾ" ಅಂದರು. "ಮಲಗಸು ಅಂದ್ರ ಮಲಗಸ್ತೈತಿ. ಕೇಳಾವ್ರು ನಾವು. ಐತ್ವಾರ ಬಾ ಅಂದೆ, ಯಾಕಂತ ನಾನೂ ಕೇಳಲಿಲ್ಲ. ನಂದೂ ಐತಿ ಇದರಾಗ."

ಉಳಿದ ಪ್ಯಾಕೆಟ್ಟುಗಳನ್ನು ತಿಪ್ಪೆಯಲ್ಲಿ ಹೂತೆ. ವಿಡಿಯೋ ಅಳಿಸಿದೆ. ಆದರೆ ಅದು ನನ್ನ ಮೊಬೈಲಿನಿಂದ ಹೋಯಿತು, ಊರಿಂದ ಹೋಗಲಿಲ್ಲ. ಗುರುತಿಲ್ಲದವರು ಫೋನ್ ಮಾಡಿ, "ಆ ತಾಯಿ ಮಲಗಿದ್ದು ನೋಡಿದ್ವಿ, ನಮಗೂ ಅದ ಪುಡಿ ಬೇಕ್ರಿ" ಅನ್ನುತ್ತಿದ್ದರು. ಆ ಹತ್ತೊಂಬತ್ತು ಸೆಕೆಂಡಿನಲ್ಲಿ ಹಿಂದೆ ಬೋರಲು ಮಲಗಿದವಳನ್ನು ಯಾರೂ ನೋಡಿರಲಿಲ್ಲ. ತೆಗೆದವನೇ ನೋಡಿರಲಿಲ್ಲ.

ಎರಡು ತಿಂಗಳ ಮೇಲೆ ಹುಲಿಗೆವ್ವ ಮತ್ತೆ ಅಜ್ಜನ ಕಟ್ಟೆಗೆ ಬಂದಳು. ನಾನು ಬೇರಿನ ಮಣ್ಣು ಒರೆಸುತ್ತಿದ್ದೆ.

"ಈಗ ಕಾಯೂದು ಏನೂ ಇಲ್ಲಜ್ಜ" ಅಂದಳು. "ಆದ್ರೂ ಕಣ್ಣು ಹತ್ತವಲ್ದು. ಹತ್ತಿದ್ರ ಕೈ ಅಕಿನ್ನ ಹೊಳ್ಳಸಾಕ ಹೋಗತೈತಿ. ಬರೀ ಚಾಪಿ ಸಿಗತೈತಿ."

ಆದರೂ ಅಜ್ಜ ತಮ್ಮ ಪ್ರಶ್ನೆ ಕೇಳಿದರು, ಅದನ್ನು ಅವರು ಯಾರಿಗೂ ಬಿಟ್ಟವರಲ್ಲ. "ನೀ ಮಲಕ್ಕೊಂಡ್ರ ಎಚ್ಚರ ಇರಾಕ ಯಾರ್ ಅದಾರವ್ವ?"

ಅವಳು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ಸಿಟ್ಟು ಮಾಡುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

"ಬೆಕ್ಕು ಹಾದ್ರೂ ಎಚ್ಚರ ಆಗತೈತಿ ಅಂದಾವ ಇವನ" ಅಂದಳು. "ಇವ ಕುಂದರ್ಲಿ."

ಅಜ್ಜ ಒಂದು ಬೇರು ಆರಿಸಿ ಅವಳ ಮುಂದೆ ಹಿಡಿದರು. ಅವಳು ಅದನ್ನು ತೆಗೆದುಕೊಂಡು ನನ್ನ ಅಂಗೈಯಲ್ಲಿ ಇಟ್ಟಳು.

ಅವತ್ತಿನಿಂದ ದಿನಾ ಸಂಜೆ ಅವಳೂರಿಗೆ ನಡೆದು ಹೋಗುತ್ತೇನೆ. ಹಾಲಿನಲ್ಲಿ ಬೇರು ಅರೆದು ಕೊಟ್ಟು, ಹೊಸ್ತಿಲ ಹೊರಗೆ ಕೂತು ಬೆಳಗು ಮಾಡುತ್ತೇನೆ. ಕೆಲವು ದಿನ ಅವಳು ಮಲಗುತ್ತಾಳೆ, ಕೆಲವು ದಿನ ಇಲ್ಲ. ಅವಳು ಕ್ಷಮಿಸಿದೆ ಅನ್ನಲಿಲ್ಲ, ನಾನು ಕೇಳಲೂ ಇಲ್ಲ. ಎಚ್ಚರ ಇರುವುದರಲ್ಲಿ ನನ್ನನ್ನು ಮೀರಿಸುವವನು ಏಳು ಹಳ್ಳಿಯಲ್ಲಿ ಇಲ್ಲ, ಬೇಕಾದರೆ ಬಂದು ನೋಡಿ.

ನನಗೆ ಕೊನೆಗೆ ಸಿಕ್ಕಿದ್ದು ಬೆರಳುದ್ದದ ಒಂದು ಬೇರು. ಕೊಟ್ಟವಳು ನೇತ್ರಾಳ ತಾಯಿ.

ನೀತಿ: ಒಬ್ಬರಿಗೆ ನಿದ್ದೆ ಕೊಡುವ ಮೊದಲು ಅವರು ಯಾರಿಗಾಗಿ ಎಚ್ಚರ ಇದ್ದಾರೆ ಅಂತ ಕೇಳು. ಅವರ ಕಾವಲನ್ನು ಹೊರಲಾರದವನು ಅವರ ಕಣ್ಣು ಮುಚ್ಚಿಸಬಾರದು.