ಮಾತಾಡಲು ಹೋದ ನೀರುನಾಯಿ

ಊರಿನ ಗಂಡಸರು ಹೊಳೆಯ ಮಡುವಿಗೆ ಸಿಡಿಮದ್ದು ಎಸೆದು ಮೀನು ಹಿಡಿಯತೊಡಗಿದಾಗ, ಹರೆಯದ ನೀರುನಾಯಿಗಳು ಅವರ ಬಲೆಗಳನ್ನೆಲ್ಲ ಹರಿದುಹಾಕಲು ನಿಶ್ಚಯಿಸಿದವು. ಮುದಿ ನೀರುನಾಯಿಯೊಂದು ತಡೆಯಿತು: "ಬಲೆ ಹರಿದರೆ ಮದ್ದೇ ಹೆಚ್ಚುತ್ತದೆ. ನಾನು ಹೋಗಿ ಮಾತಾಡುತ್ತೇನೆ."

ದಡದಲ್ಲಿ ಬಲೆ ಹೆಣೆಯುತ್ತಿದ್ದ ಹುಲಿಗೆಮ್ಮ ಅದನ್ನು ಕಂಡವಳೇ ಹರಿಗೋಲಿನ ಹುಟ್ಟು ಎತ್ತಿದಳು. ಮುದಿಜೀವ ಕದಲಲಿಲ್ಲ.

"ಹೊಡೆಯುವುದಿದ್ದರೆ ಆಮೇಲೆ ಹೊಡೆ, ತಾಯಿ. ಮೊದಲು ನನ್ನ ಹಿಂದೆ ಬಾ."

ಅದರ ಹಿಂದೆಯೇ ಬಂದ ಹುಲಿಗೆಮ್ಮ ಜೊಂಡಿನ ಮರೆಯಲ್ಲಿ ಹರಿಗೋಲು ನಿಲ್ಲಿಸಿ ಬಗ್ಗಿ ನೋಡಿದಳು. ಹಿಂದಿನ ದಿನ ಮದ್ದು ಸಿಡಿದ ಜಾಗದಲ್ಲಿ ಅಕ್ಕಿಕಾಳಿನಷ್ಟು ಮರಿಮೀನುಗಳು ಸತ್ತು ತೇಲುತ್ತಿದ್ದವು. ಅವಳು ಬೊಗಸೆ ತುಂಬ ಎತ್ತಿಕೊಂಡಳು. "ಅಯ್ಯೋ, ಮುಂದಿನ ವರ್ಷದ ಊಟವಲ್ಲವೇ ಇದು!"

ಮರುದಿನ ಕೇರಿಯ ಹೆಂಗಸರನ್ನೆಲ್ಲ ಅವಳೇ ಕರೆತಂದಳು. ನೀರುನಾಯಿ ಮುಂದೆ ಈಜುತ್ತ ದಾರಿ ತೋರಿತು. ಅಂದು ಸಂಜೆ ಮನೆಮನೆಯಲ್ಲೂ ಒಂದೇ ಮಾತು: "ಮದ್ದಿನ ಮೀನು ನಮ್ಮ ಒಲೆ ಏರುವುದಿಲ್ಲ." ಗಂಡಸರು ಮತ್ತೆ ಬಲೆ ಹಿಡಿದರು.

ಹರೆಯದವು ಬೆರಗಾಗಿ ನೋಡುತ್ತಿರುವಾಗಲೇ ಮುದಿ ನೀರುನಾಯಿ, ಮದ್ದು ಇನ್ನೂ ಸಿಡಿಯುತ್ತಿದ್ದ ಕೆಳಗಿನೂರಿನ ಮಡುವಿನತ್ತ ಹೊರಟಿತು.

"ನಿಲ್ಲಜ್ಜಿ," ಹುಲಿಗೆಮ್ಮ ದಡದಿಂದ ಕೂಗಿದಳು. "ಆ ಊರು ನನ್ನ ತವರು. ಹರಿಗೋಲು ಹತ್ತು, ಇಬ್ಬರೂ ಹೋಗೋಣ."