ಹಳೆಯ ಕಾರಿಗೆ ಹೊಸ ಸ್ಪ್ರಿಂಗ್

ಭಾರಿ ಎಂಜಿನ್ನಿನ ಹಳೆಯ ಕಾರೊಂದು ತನ್ನ ಅಬ್ಬರಕ್ಕೆ ರಸ್ತೆಯೇ ನಡುಗುತ್ತದೆಂದು ಬೀಗುತ್ತಿತ್ತು. ಬಸುರಿ ಮಗಳನ್ನು ತವರಿಗೆ ಕರೆತರಬೇಕೆಂದು ಒಡೆಯ ಜಿನ್ನಪ್ಪ ಅದಕ್ಕೆ ಹೊಸ ಸ್ಪ್ರಿಂಗ್ ಹಾಕಿಸಿದ.

"ನನ್ನ ಬಲ ಕುಗ್ಗಿಸಲು ಬಂದೆಯಾ?" ಎಂದು ಕಾರು ಸಿಡುಕಿತು.

"ಬಲ ನಿಮ್ಮದೇ ಇರಲಿ, ಅಜ್ಜ. ಹಳ್ಳದಿಣ್ಣೆಗಳ ಪೆಟ್ಟನ್ನು ಮಾತ್ರ ನನಗೆ ಬಿಡಿ," ಎಂದಿತು ಸ್ಪ್ರಿಂಗ್.

ಮಗಳನ್ನು ಕೂರಿಸಿಕೊಂಡು ಘಾಟಿ ಇಳಿಯುವಾಗ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಜಿನ್ನಪ್ಪ ಥಟ್ಟನೆ ಸ್ಟಿಯರಿಂಗ್ ತಿರುಗಿಸಿದ. ಪ್ರಪಾತಕ್ಕೆ ಜಾರಿದೆನೆಂದೇ ಕಾರು ಹೆದರಿತು. ಆದರೆ ಸ್ಪ್ರಿಂಗ್ ಮೈ ಕುಗ್ಗಿಸಿ ಭಾರವನ್ನೆಲ್ಲ ತಡೆದುಕೊಂಡಿತು. ನಾಲ್ಕು ಚಕ್ರಗಳೂ ನೆಲ ಬಿಡಲಿಲ್ಲ.

"ಏನಾಯ್ತಪ್ಪ?" ಎಂದು ಮಗಳು ನಿದ್ದೆಗಣ್ಣಲ್ಲಿ ಕೇಳಿದಳು.

"ಏನಿಲ್ಲಮ್ಮ, ಮಲಕ್ಕೋ," ಎಂದ ಜಿನ್ನಪ್ಪ.

ಘಾಟಿ ಇಳಿದ ಮೇಲೆ ಕಾರು, "ನಿನಗೆ ನೋವಾಯಿತೇ?" ಎಂದು ಸ್ಪ್ರಿಂಗನ್ನು ಕೇಳಿತು. ಆ ಮಾತನ್ನು ಅದು ಅದುವರೆಗೆ ಯಾರನ್ನೂ ಕೇಳಿರಲಿಲ್ಲ.